ಬಲಗುಂದಿದ ಹಿರಿಯರ ದಿನಚರಿಗೆ ಯಾವ ಆಸರೆ: ವ್ಯಾಯಾಮವೇ, ಮನೆಯ ಮಾರ್ಪಾಡೇ, ಸಾಧನವೇ, ಆರೈಕೆದಾರರೇ?

ಮನೆಯ ಹಿರಿಯರೊಬ್ಬರಿಗೆ ಸ್ನಾನ, ಉಡುಪು, ಶೌಚ, ಓಡಾಟ ಇವುಗಳಲ್ಲಿ ಒಂದೋ ಎರಡೋ ಕಷ್ಟವಾಗತೊಡಗಿದಾಗ ಮನೆಯವರ ಮುಂದೆ ಮುಖ್ಯವಾಗಿ ನಾಲ್ಕು ದಾರಿಗಳಿರುತ್ತವೆ. ಕಳೆದುಹೋದ ಬಲವನ್ನು ವ್ಯಾಯಾಮದಿಂದ ಒಂದಿಷ್ಟಾದರೂ ಮರಳಿ ಪಡೆಯಬಹುದು. ಮನೆಯನ್ನೇ ಅವರ ಬಲಕ್ಕೆ ತಕ್ಕಂತೆ ಬದಲಿಸಬಹುದು. ಊರುಗೋಲು, ವಾಕರ್, ಸ್ನಾನದ ಕುರ್ಚಿಯಂಥ ಸಾಧನಗಳನ್ನು ತರಬಹುದು. ಇಲ್ಲವೇ ಇನ್ನೊಬ್ಬ ಮನುಷ್ಯರ ನೆರವನ್ನು ಏರ್ಪಡಿಸಬಹುದು. ಈ ಆಯ್ಕೆ ಸಾಮಾನ್ಯವಾಗಿ ಹಿರಿಯರು ಬಿದ್ದ ಮರುದಿನವೋ, ಆಸ್ಪತ್ರೆಯಿಂದ ಮನೆಗೆ ಬಂದ ಸಂಜೆಯೋ ಅವಸರದಲ್ಲಿ ನಡೆಯುವುದರಿಂದ ನಾಲ್ಕನೆಯ ದಾರಿಯೇ ಎಲ್ಲಕ್ಕಿಂತ ಮೊದಲು ಹೊಳೆಯುತ್ತದೆ. "ಯಾರನ್ನು ಗೊತ್ತುಮಾಡೋಣ?" ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿಬಿಟ್ಟರೆ ಉಳಿದ ಮೂರು ದಾರಿಗಳ ಮಾತು ಅಲ್ಲಿಗೇ ನಿಲ್ಲುತ್ತದೆ. ಆದರೆ ಕೆಲಸವನ್ನು ಪೂರ್ತಿಯಾಗಿ ಇನ್ನೊಬ್ಬರ ಕೈಗೆ ಕೊಟ್ಟ ಮೇಲೆ, ಆ ಕೆಲಸದಲ್ಲಿ ಹಿರಿಯರು ಅಲ್ಲಿಯವರೆಗೆ ತಾವೇ ಮಾಡಿಕೊಳ್ಳುತ್ತಿದ್ದ ಭಾಗವೂ ಕೆಲವೇ ವಾರಗಳಲ್ಲಿ ಅಭ್ಯಾಸ ತಪ್ಪಿಹೋಗಬಹುದು. ಆದುದರಿಂದ ಈ ನಾಲ್ಕನ್ನು ಹೋಲಿಸುವಾಗ ನಾನು ಬಳಸುವ ಅಳತೆಗೋಲು ಒಂದೇ: ಕೆಲಸದ ಯಾವ ಹಂತದಲ್ಲಿ ತೊಡಕಿದೆಯೋ ಆ ಹಂತಕ್ಕೆ ಮಾತ್ರ ನೆರವು ತಲುಪುತ್ತದೆಯೇ, ಅಥವಾ ಇಡೀ ಕೆಲಸವನ್ನೇ ಅವರಿಂದ ಕಿತ್ತುಕೊಳ್ಳುತ್ತದೆಯೇ ಎಂಬುದು.

ಆಯ್ಕೆಗೆ ಮೊದಲು: ತೊಡಕು ಎಲ್ಲಿದೆ?

1963ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಅವರ ಸಹೋದ್ಯೋಗಿಗಳು ದೈನಂದಿನ ಸ್ವಾವಲಂಬನೆಯನ್ನು ಅಳೆಯಲು ಆರು ಕೆಲಸಗಳನ್ನು ಗುರುತಿಸಿದರು: ಸ್ನಾನ, ಉಡುಪು ಧರಿಸುವುದು, ಶೌಚಾಲಯದ ಬಳಕೆ, ಹಾಸಿಗೆ ಅಥವಾ ಕುರ್ಚಿಯಿಂದ ಎದ್ದು ಇನ್ನೊಂದೆಡೆ ಕೂರುವುದು, ಮಲಮೂತ್ರಗಳ ಮೇಲಿನ ಹಿಡಿತ ಮತ್ತು ಉಣ್ಣುವುದು. ಸಾಮಾನ್ಯವಾಗಿ ಸ್ನಾನವೇ ಮೊದಲು ಕೈತಪ್ಪುತ್ತದೆ, ತುತ್ತನ್ನು ಬಾಯಿಗೆ ಇಟ್ಟುಕೊಳ್ಳುವ ಶಕ್ತಿ ಕೊನೆಯವರೆಗೂ ಉಳಿಯುತ್ತದೆ. ಮಗುವೊಂದು ಈ ಕೆಲಸಗಳನ್ನು ಕಲಿಯುವ ಕ್ರಮಕ್ಕೆ ಇದು ಹೆಚ್ಚುಕಡಿಮೆ ತಲೆಕೆಳಗಾದ ಕ್ರಮ. 1969ರಲ್ಲಿ ಲಾಟನ್ ಮತ್ತು ಬ್ರೋಡಿ ಎಂಬಿಬ್ಬರು ಇನ್ನೂ ಎಂಟು ಕೆಲಸಗಳ ಪಟ್ಟಿಯನ್ನು ಸೇರಿಸಿದರು: ದೂರವಾಣಿ ಬಳಸುವುದು, ಸಾಮಾನು ಕೊಳ್ಳುವುದು, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಪ್ರಯಾಣ, ಔಷಧಿಗಳ ನಿರ್ವಹಣೆ, ಹಣಕಾಸು. ಈ ಎರಡನೆಯ ಗುಂಪಿನ ಕೆಲಸಗಳು ಮೊದಲ ಗುಂಪಿನವುಗಳಿಗಿಂತ ಸಾಮಾನ್ಯವಾಗಿ ಮುಂಚೆಯೇ ಕುಂದುತ್ತವೆ. ಔಷಧಿಯ ಲೆಕ್ಕ ತಪ್ಪುತ್ತಿರುವುದೋ ಬಿಲ್ಲುಗಳು ಪಾವತಿಯಾಗದೆ ಉಳಿಯುತ್ತಿರುವುದೋ ಕಂಡರೆ, ಸ್ನಾನದ ಕಷ್ಟ ಬರುವವರೆಗೆ ಕಾಯದೆ ಆಗಲೇ ಗಮನ ಕೊಡಬೇಕೆಂಬುದು ಇದರ ಅರ್ಥ.

ಆದರೆ ಇಂಥ ಪಟ್ಟಿಗಳು ಯಾವ ಕೆಲಸ ಕಷ್ಟ ಎಂಬುದನ್ನಷ್ಟೇ ಹೇಳುತ್ತವೆ, ಏಕೆ ಕಷ್ಟ ಎಂಬುದನ್ನಲ್ಲ. ಅದನ್ನು ತಿಳಿಯಲು ಹಿರಿಯರ ಅನುಮತಿ ಪಡೆದು, ಅವರು ಆ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡುವುದಕ್ಕಿಂತ ಉತ್ತಮ ವಿಧಾನವಿಲ್ಲ. ಸ್ನಾನವೆಂಬುದು ಹೆಸರಿಗೆ ಒಂದು ಕೆಲಸ, ನಿಜದಲ್ಲಿ ಹತ್ತಾರು ಚಲನೆಗಳ ಸರಪಳಿ: ಹೊಸ್ತಿಲು ದಾಟುವುದು, ಒದ್ದೆ ನೆಲದ ಮೇಲೆ ತಿರುಗುವುದು, ನಲ್ಲಿಯ ಬಿಸಿ ತಣ್ಣೀರನ್ನು ಹದಮಾಡುವುದು, ಬಾಗಿ ಪಾದ ತೊಳೆಯುವುದು, ಬೆನ್ನಿಗೆ ಕೈ ಚಾಚುವುದು, ಕಣ್ಣು ಮುಚ್ಚಿ ತಲೆಗೆ ನೀರು ಹಾಕಿಕೊಳ್ಳುವುದು, ಎದ್ದು ನಿಂತು ಒರೆಸಿಕೊಳ್ಳುವುದು. ಒಬ್ಬರಿಗೆ ಕಣ್ಣು ಮುಚ್ಚಿದಾಗ ಸಮತೋಲ ತಪ್ಪುತ್ತದೆ. ಅವರು ಕುಳಿತು ಸ್ನಾನ ಮಾಡಿದರೆ ಸಾಕು. ಇನ್ನೊಬ್ಬರಿಗೆ ಭುಜದ ನೋವಿನಿಂದ ಬೆನ್ನು ಎಟುಕುವುದಿಲ್ಲ. ಉದ್ದ ಹಿಡಿಯ ಬ್ರಷ್ ಸಾಕು. ಮತ್ತೊಬ್ಬರು ಕುಳಿತಲ್ಲಿಂದ ಏಳಲಾರರು. ಅವರಿಗೆ ಬೇಕಾದದ್ದು ಆಸನದ ಎತ್ತರ, ಗೋಡೆಯ ಹಿಡಿಕೆ ಮತ್ತು ತೊಡೆಯ ಸ್ನಾಯುಗಳ ಬಲ. ಮೂವರಿಗೂ "ಸ್ನಾನ ಮಾಡಿಸುವವರು ಬೇಕು" ಎಂದು ತೀರ್ಮಾನಿಸುವುದು ಸುಲಭ. ಆದರೆ ಮೂವರ ವಿಷಯದಲ್ಲೂ ಅದು ಅಗತ್ಯಕ್ಕಿಂತ ದೊಡ್ಡ ನೆರವು.

"ಮಾಡಬಲ್ಲರೇ?" ಮತ್ತು "ಮಾಡುತ್ತಾರೆಯೇ?" ಎಂಬ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳುವುದೂ ಮುಖ್ಯ. ಮಾಡಬಲ್ಲವರು ಮಾಡದೆ ಇದ್ದರೆ ಕಾರಣ ಭಯವಿರಬಹುದು, ಖಿನ್ನತೆಯಿರಬಹುದು, ಮನೆಯವರ ಅವಸರವೂ ಇರಬಹುದು.

ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಕಳೆದ ತಿಂಗಳು ತಾವೇ ಎದ್ದು ಓಡಾಡುತ್ತಿದ್ದವರು ಈ ವಾರ ಏಳಲಾರದಂತಾಗಿದ್ದರೆ, ಅದನ್ನು ವಯಸ್ಸಿನ ಲೆಕ್ಕಕ್ಕೆ ಬರೆಯಬಾರದು. ಸೋಂಕು, ಪಾರ್ಶ್ವವಾಯು, ಹೊಸದಾಗಿ ಆರಂಭಿಸಿದ ನಿದ್ದೆಮಾತ್ರೆ, ನಿಂತ ಕೂಡಲೇ ರಕ್ತದೊತ್ತಡ ಇಳಿಯುವುದು, ಗಮನಕ್ಕೆ ಬಾರದ ಮೂಳೆಮುರಿತ ಇವೆಲ್ಲ ಹೀಗೆ ಹಠಾತ್ತಾಗಿ ಕೈಕಾಲು ಕಟ್ಟಿಹಾಕಬಲ್ಲವು. ಅಂಥ ಸಂದರ್ಭದಲ್ಲಿ ಮೊದಲು ವೈದ್ಯರನ್ನು ಕಾಣಬೇಕು. ಈ ಹೋಲಿಕೆಯ ಉಳಿದ ಭಾಗ ಅನ್ವಯಿಸುವುದು ನಿಧಾನವಾಗಿ ಕುಂದುತ್ತಿರುವವರಿಗೆ.

ದುರ್ಬಲತೆ ಎಷ್ಟಿದೆ ಎಂಬುದರ ಅಂದಾಜೂ ಬೇಕು. 2001ರಲ್ಲಿ ಲಿಂಡಾ ಫ್ರೀಡ್ ಅವರ ತಂಡ ಐದು ಲಕ್ಷಣಗಳನ್ನು ಮುಂದಿಟ್ಟಿತು: ಪ್ರಯತ್ನಪಡದೆಯೇ ತೂಕ ಇಳಿಯುವುದು, ಬಳಲಿಕೆ, ಕೈಹಿಡಿತದ ಬಲ ಕಡಿಮೆಯಾಗುವುದು, ನಡಿಗೆ ನಿಧಾನವಾಗುವುದು, ಚಟುವಟಿಕೆ ಕುಗ್ಗುವುದು. ಇವುಗಳಲ್ಲಿ ಮೂರು ಅಥವಾ ಹೆಚ್ಚು ಇದ್ದರೆ ದುರ್ಬಲತೆ, ಒಂದೆರಡಿದ್ದರೆ ಅದರ ಮುನ್ನಹಂತ. ಮನೆಯಲ್ಲಿ ನೋಡಿಕೊಳ್ಳಬಹುದಾದ ಒಂದು ಸರಳ ಗುರುತೂ ಇದೆ: ಗಟ್ಟಿ ಆಸನದ ಕುರ್ಚಿಯಿಂದ, ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಎದ್ದು ನಿಲ್ಲಬಲ್ಲರೇ ಎಂಬುದು. ಇದನ್ನು ನೋಡುವಾಗ ಇನ್ನೊಬ್ಬರು ಹತ್ತಿರದಲ್ಲೇ ಇರಬೇಕು. ಈ ಗುರುತು ಮುಂದೆ ಮತ್ತೆ ಬರುತ್ತದೆ.

ವ್ಯಾಯಾಮ: ತಡವಾಗಿ ಫಲ ಕೊಡುವ, ಆದರೆ ಬಲವನ್ನೇ ಹೆಚ್ಚಿಸುವ ದಾರಿ

ನಾಲ್ಕು ದಾರಿಗಳಲ್ಲಿ ವ್ಯಾಯಾಮವೊಂದೇ ಹಿರಿಯರ ಸ್ವಂತ ಬಲವನ್ನು ಹೆಚ್ಚಿಸುತ್ತದೆ. ಉಳಿದವು ಇರುವ ಬಲಕ್ಕೆ ಹೊಂದಿಕೊಳ್ಳುತ್ತವೆ. "ಈ ವಯಸ್ಸಿನಲ್ಲಿ ಸ್ನಾಯು ಬೆಳೆಯುವುದುಂಟೇ?" ಎಂಬ ಅನುಮಾನಕ್ಕೆ 1990ರಲ್ಲೇ ಉತ್ತರ ಸಿಕ್ಕಿದೆ. ಬಾಸ್ಟನ್‌ನಲ್ಲಿ ಮರಿಯಾ ಫಿಯಾಟರೋನ್ ಅವರ ತಂಡ ಸರಾಸರಿ 90 ವರ್ಷದ ಹತ್ತು ಮಂದಿ ಆರೈಕೆ ಕೇಂದ್ರದ ನಿವಾಸಿಗಳಿಗೆ ಎಂಟು ವಾರ ತೂಕ ಎತ್ತುವ ವ್ಯಾಯಾಮ ಮಾಡಿಸಿತು. ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. 1994ರಲ್ಲಿ ಅದೇ ತಂಡ ನೂರು ಮಂದಿಯ ಮೇಲೆ ನಡೆಸಿದ ಹತ್ತು ವಾರಗಳ ಪ್ರಯೋಗದಲ್ಲಿ ಬಲವೂ ನಡಿಗೆಯ ವೇಗವೂ ಹೆಚ್ಚಿದವು, ಆದರೆ ವ್ಯಾಯಾಮವಿಲ್ಲದೆ ಪೋಷಕಾಂಶದ ಪೇಯವನ್ನಷ್ಟೇ ಕೊಟ್ಟವರಲ್ಲಿ ದುರ್ಬಲತೆ ತಗ್ಗಲಿಲ್ಲ. ಪುಷ್ಟಿಕರ ಪುಡಿಗಳ ಡಬ್ಬಿಯನ್ನು ತಂದಿಟ್ಟು ಕರ್ತವ್ಯ ಮುಗಿಯಿತೆಂದು ಭಾವಿಸುವವರು ಗಮನಿಸಬೇಕಾದ ಫಲಿತಾಂಶವಿದು. ಪ್ರೋಟೀನ್ ಬೇಡವೆಂದಲ್ಲ, ಹಿರಿಯರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂದು ತಜ್ಞರ ಗುಂಪುಗಳು ಸೂಚಿಸಿವೆ, ಮೂತ್ರಪಿಂಡದ ಕಾಯಿಲೆ ಇರುವವರಿಗೆ ಮಾತ್ರ ವೈದ್ಯರ ಸಲಹೆ ಬೇಕು. ಆದರೆ ಸ್ನಾಯುವಿಗೆ ಕೆಲಸ ಕೊಡದೆ ಆಹಾರ ಮಾತ್ರ ಕೊಟ್ಟರೆ ಪ್ರಯೋಜನ ಅಲ್ಪ.

ದೊಡ್ಡ ಪ್ರಮಾಣದ ಪುರಾವೆಯೂ ಇದೆ, ಅದನ್ನು ಇದ್ದಷ್ಟೇ ಹೇಳಬೇಕು. ಅಮೆರಿಕದಲ್ಲಿ 70ರಿಂದ 89 ವರ್ಷದ 1,635 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಲೈಫ್ ಅಧ್ಯಯನದಲ್ಲಿ, ಸರಾಸರಿ 2.6 ವರ್ಷಗಳ ಅವಧಿಯಲ್ಲಿ, ಸುಮಾರು 400 ಮೀಟರ್ ನಡೆಯುವ ಶಕ್ತಿಯನ್ನು ಕಳೆದುಕೊಂಡವರು ವ್ಯಾಯಾಮದ ಗುಂಪಿನಲ್ಲಿ ಶೇಕಡಾ 30.1, ಆರೋಗ್ಯಪಾಠ ಮಾತ್ರ ಕೇಳಿದ ಗುಂಪಿನಲ್ಲಿ ಶೇಕಡಾ 35.5. ಇದು ಪವಾಡವಲ್ಲ, ಆದರೆ ಅಲಕ್ಷಿಸುವಂಥದ್ದೂ ಅಲ್ಲ. ಬೀಳುವಿಕೆಯ ವಿಷಯದಲ್ಲಿ ಲಾಭ ಇನ್ನೂ ಸ್ಪಷ್ಟ: 2019ರ ಕಾಕ್ರೇನ್ ಪರಾಮರ್ಶೆಯ (ಒಂದೇ ವಿಷಯದ ಹಲವು ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ತೂಗುವ ವರದಿ) ಪ್ರಕಾರ, ಮನೆಗಳಲ್ಲಿ ವಾಸಿಸುವ ಹಿರಿಯರಲ್ಲಿ ವ್ಯಾಯಾಮವು ಬೀಳುವಿಕೆಯ ಪ್ರಮಾಣವನ್ನು ಸುಮಾರು ಶೇಕಡಾ 23ರಷ್ಟು ತಗ್ಗಿಸುತ್ತದೆ. ಇಲ್ಲಿ ವ್ಯಾಯಾಮವೆಂದರೆ ಮುಖ್ಯವಾಗಿ ಸಮತೋಲದ ಮತ್ತು ಕಾಲಿನ ಬಲದ ವ್ಯಾಯಾಮ. ಬರಿಯ ನಡಿಗೆ ಹೃದಯಕ್ಕೂ ಮನಸ್ಸಿಗೂ ಒಳ್ಳೆಯದಾದರೂ ಸಮತೋಲವನ್ನು ಅದೊಂದೇ ಸುಧಾರಿಸುತ್ತದೆಂದು ನೆಚ್ಚಬಾರದು.

ಯಾರಿಗೆ ಈ ದಾರಿ ಹೊಂದುತ್ತದೆ? ಈ ಪ್ರಶ್ನೆಗೆ ನನಗೆ ಕಂಡಂತೆ ಅತ್ಯಂತ ಉಪಯುಕ್ತವಾದ ಉತ್ತರ ಥಾಮಸ್ ಗಿಲ್ ಅವರ ತಂಡ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿದೆ. 75 ವರ್ಷ ದಾಟಿದ, ದೈಹಿಕವಾಗಿ ದುರ್ಬಲರಾಗಿದ್ದ 188 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಫಿಸಿಯೋಥೆರಪಿಸ್ಟರು ಮನೆಗೇ ಹೋಗಿ ಆರು ತಿಂಗಳ ಕಾಲ ತರಬೇತಿ ಕೊಟ್ಟರು. ಮಧ್ಯಮ ದುರ್ಬಲತೆ ಇದ್ದವರಲ್ಲಿ ದೈನಂದಿನ ಕೆಲಸಗಳ ಶಕ್ತಿ ಹೋಲಿಕೆಯ ಗುಂಪಿನಷ್ಟು ಕುಸಿಯಲಿಲ್ಲ; ತೀವ್ರ ದುರ್ಬಲತೆ ಇದ್ದವರಿಗೆ ಅಂಥ ಲಾಭವಾಗಲಿಲ್ಲ. ಅಲ್ಲಿ ತೀವ್ರವೆಂದು ಪರಿಗಣಿಸಿದ್ದು, ಕೈ ಕಟ್ಟಿಕೊಂಡು ಕುರ್ಚಿಯಿಂದ ಏಳಲಾಗದ ಮತ್ತು ವೇಗದ ನಡಿಗೆಯ ಪರೀಕ್ಷೆಯಲ್ಲೂ ಹಿಂದೆಬಿದ್ದ, ಅಂದರೆ ಎರಡರಲ್ಲೂ ಸೋತವರನ್ನು. ಎರಡರಲ್ಲಿ ಒಂದರಲ್ಲಷ್ಟೇ ಸೋತವರು ಮಧ್ಯಮರು. ಮೇಲೆ ಹೇಳಿದ ಕುರ್ಚಿಯ ಗುರುತಿಗೆ ಇಷ್ಟು ತೂಕವಿರುವುದು ಈ ಕಾರಣಕ್ಕೆ.

ವ್ಯಾಯಾಮದ ಕೊರತೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದರ ಫಲ ಇಂದು ರಾತ್ರಿ ಶೌಚಾಲಯಕ್ಕೆ ಏಳುವಾಗ ಒದಗುವುದಿಲ್ಲ; ಎಂಟರಿಂದ ಹನ್ನೆರಡು ವಾರ ಬೇಕು. ನಿಲ್ಲಿಸಿದರೆ ಗಳಿಸಿದ್ದು ಕರಗುತ್ತದೆ. ಭಾರವನ್ನೂ ಕಷ್ಟವನ್ನೂ ಹಂತಹಂತವಾಗಿ ಹೆಚ್ಚಿಸದಿದ್ದರೆ, ಕುಳಿತಲ್ಲೇ ಕೈ ಬೀಸುವ ಔಪಚಾರಿಕತೆಯಾಗಿ ಉಳಿಯುತ್ತದೆ. ಎದೆನೋವು, ನಿಯಂತ್ರಣಕ್ಕೆ ಬಾರದ ರಕ್ತದೊತ್ತಡ, ಇತ್ತೀಚಿನ ಮೂಳೆಮುರಿತ ಇರುವವರು ವೈದ್ಯರನ್ನು ಕೇಳದೆ ಆರಂಭಿಸಬಾರದು.

ಮನೆಯ ಮಾರ್ಪಾಡು: ಅಂದೇ ಫಲ ಕೊಡುವ ದಾರಿ

ವ್ಯಾಯಾಮಕ್ಕೆ ಕಾಲಾವಕಾಶ ಬೇಕು, ಮಾರ್ಪಾಡಿಗೆ ಬೇಡ. ಗೋಡೆಗೆ ಹಿಡಿಕೆ ಬಿಗಿದ ದಿನದಿಂದಲೇ ಅದು ಕೆಲಸ ಮಾಡುತ್ತದೆ. ಪ್ರತಿದಿನ ಅಭ್ಯಾಸ ಮಾಡಬೇಕೆಂಬ ಬಲವಂತವೂ ಇಲ್ಲ. 2023ರ ಕಾಕ್ರೇನ್ ಪರಾಮರ್ಶೆಯು ಮನೆಯಲ್ಲಿನ ಅಪಾಯಗಳನ್ನು ನಿವಾರಿಸುವುದರಿಂದ ಬೀಳುವಿಕೆ ಒಟ್ಟಾರೆ ಶೇಕಡಾ 26ರಷ್ಟು, ಈಗಾಗಲೇ ಬಿದ್ದವರಲ್ಲಿ ಅಥವಾ ದೈನಂದಿನ ಕೆಲಸಗಳಿಗೆ ನೆರವು ಬೇಕಾದವರಲ್ಲಿ ಶೇಕಡಾ 38ರಷ್ಟು ಕಡಿಮೆಯಾಗುತ್ತದೆಂದು ಕಂಡುಕೊಂಡಿತು. ಅಪಾಯವಿಲ್ಲದ ಹಿರಿಯರಲ್ಲಿ ಲಾಭ ಕಾಣಲಿಲ್ಲ. ಅಂದರೆ ಗಟ್ಟಿಮುಟ್ಟಾಗಿರುವ ಅರವತ್ತರವರಿಗಾಗಿ ಇಡೀ ಮನೆಯನ್ನು ಕೆಡವಿ ಕಟ್ಟುವ ಅಗತ್ಯವಿಲ್ಲ. ಕಳೆದ ವರ್ಷ ಎರಡು ಸಲ ಬಿದ್ದ ಎಂಬತ್ತರವರಿಗೆ ಈ ಕೆಲಸವನ್ನು ಮುಂದೂಡುವಂತಿಲ್ಲ.

ಎಲ್ಲಿಂದ ಆರಂಭಿಸಬೇಕೆಂದರೆ, ಹಾಸಿಗೆಯಿಂದ ಶೌಚಾಲಯಕ್ಕೆ ಹೋಗುವ ದಾರಿಯಿಂದ. ರಾತ್ರಿ ಅರೆನಿದ್ದೆಯಲ್ಲಿ, ಅವಸರದಲ್ಲಿ, ಕತ್ತಲಲ್ಲಿ ಕ್ರಮಿಸುವ ಈ ಹತ್ತಿಪ್ಪತ್ತು ಹೆಜ್ಜೆಗಳು ಮನೆಯ ಅತ್ಯಂತ ಅಪಾಯದ ದಾರಿ. ಅಂಚು ಮಡಚುವ ನೆಲಹಾಸನ್ನು ತೆಗೆಯಬೇಕು, ತಂತಿಗಳನ್ನು ಗೋಡೆಯ ಬದಿಗೆ ಸರಿಸಬೇಕು, ಕಾಲು ಕೆಳಗಿಟ್ಟ ಕೂಡಲೇ ತಾನಾಗಿ ಹೊತ್ತಿಕೊಳ್ಳುವ ಸಣ್ಣ ದೀಪಗಳನ್ನು ನೆಲಕ್ಕೆ ಹತ್ತಿರವಾಗಿ ಇಡಬೇಕು. ಅರವತ್ತರ ಕಣ್ಣಿಗೆ ಇಪ್ಪತ್ತರ ಕಣ್ಣಿಗಿಂತ ಸುಮಾರು ಮೂರು ಪಟ್ಟು ಬೆಳಕು ಬೇಕೆಂದು ಲೆಕ್ಕಹಾಕುತ್ತಾರೆ. ಕಿರಿಯರ ಕಣ್ಣಿಗೆ "ಸಾಕಷ್ಟು ಬೆಳಕಿದೆ" ಎನಿಸುವ ಪಡಸಾಲೆ ಹಿರಿಯರಿಗೆ ಮಬ್ಬಾಗಿಯೇ ಇರುತ್ತದೆ.

ಸ್ನಾನದ ಮನೆಯಲ್ಲಿ ಹಿಡಿಕೆಗಳ ಸ್ಥಾನವನ್ನು ಹಿರಿಯರೇ ತೋರಿಸಬೇಕು. ಅವರು ಏಳುವಾಗ, ತಿರುಗುವಾಗ ಕೈ ತಾನಾಗಿ ಎಲ್ಲಿಗೆ ಹೋಗುತ್ತದೆಯೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ಆಮೇಲೆ ಕೆಲಸಗಾರರನ್ನು ಕರೆಯಬೇಕು. ಒಳಗೆ ಕಾಲಿಡುವಾಗ ನೇರವಾಗಿ ನಿಂತ ಹಿಡಿಕೆ, ಕುಳಿತಲ್ಲಿಂದ ಒತ್ತಿ ಏಳುವಾಗ ಅಡ್ಡವಾಗಿರುವ ಹಿಡಿಕೆ ಅನುಕೂಲ. ಟವೆಲ್ ಹಾಕುವ ಸರಳು ಹಿಡಿಕೆಯಲ್ಲ. ಅದು ಮನುಷ್ಯರ ಭಾರಕ್ಕೆ ಕಿತ್ತುಬರುತ್ತದೆ. ಗೋಡೆಗೆ ಗಾಳಿಯ ಒತ್ತಡದಿಂದ ಅಂಟುವ ಹಿಡಿಕೆಗಳನ್ನೂ ಪೂರ್ತಿ ಭಾರ ಹಾಕಲು ನಾನು ಸೂಚಿಸಲಾರೆ, ಅವು ಯಾವ ಗಳಿಗೆಯಲ್ಲಿ ಬಿಡುತ್ತವೆಂಬುದು ಮುಂಚಿತವಾಗಿ ತಿಳಿಯುವುದಿಲ್ಲ. ಬಾಗಿಲು ಹೊರಗಡೆಗೆ ತೆರೆಯುವಂತಿರಬೇಕು, ಇಲ್ಲವೇ ಹೊರಗಿನಿಂದ ಬಿಡಿಸಲು ಬರಬೇಕು. ಒಳಗೆ ಬಿದ್ದವರ ದೇಹವೇ ಒಳಬಾಗಿಲಿಗೆ ಅಡ್ಡವಾಗಿ ನೆರವಿಗೆ ಬಂದವರನ್ನು ತಡೆಯುತ್ತದೆ.

ಮೆಟ್ಟಿಲುಗಳ ಬದಲು ಇಳಿಜಾರು ಮಾಡುವುದಾದರೆ ಎತ್ತರದ ಹನ್ನೆರಡರಷ್ಟು ಉದ್ದವಿರಬೇಕೆಂಬ ನಿಯಮವನ್ನು ಪಾಲಿಸಬೇಕು: 15 ಸೆಂಟಿಮೀಟರ್ ಎತ್ತರಕ್ಕೆ 1.8 ಮೀಟರ್ ಉದ್ದ. ಜಾಗ ಸಾಲದೆಂದು ಕಡಿದಾಗಿ ಮಾಡಿದ ಇಳಿಜಾರಿಗಿಂತ ಎರಡೂ ಬದಿ ಹಿಡಿಸರಳುಗಳಿರುವ ಮೆಟ್ಟಿಲುಗಳೇ ವಾಸಿ.

ಮಾರ್ಪಾಡಿನ ಒಂದು ಮಿತಿಯನ್ನು ಕುಟುಂಬಗಳು ಮರೆಯುತ್ತವೆ. ನೆನಪಿನ ಶಕ್ತಿ ಕುಂದುತ್ತಿರುವವರು ಮನೆಯಲ್ಲಿ ಓಡಾಡುವುದು ಬಹುಮಟ್ಟಿಗೆ ಅಭ್ಯಾಸಬಲದಿಂದ. ಒಂದೇ ವಾರದಲ್ಲಿ ಮಂಚ, ಕಪಾಟು, ಕುರ್ಚಿ ಎಲ್ಲವನ್ನೂ ಸ್ಥಳಾಂತರಿಸಿದರೆ ಸುರಕ್ಷತೆಗೆಂದು ಮಾಡಿದ ಕೆಲಸವೇ ಗೊಂದಲ ತರುತ್ತದೆ. ಅವರಿಗೆ ಒಂದೊಂದಾಗಿ, ನಿಧಾನವಾಗಿ ಬದಲಿಸಬೇಕು.

ಸಾಧನಗಳು: ಅಳತೆ ತಪ್ಪಿದರೆ ಆಸರೆಯೇ ಅಡ್ಡಿ

ಊರುಗೋಲು, ನಾಲ್ಕು ಕಾಲಿನ ವಾಕರ್, ಚಕ್ರದ ವಾಕರ್ ಈ ಮೂರರ ನಡುವಿನ ಆಯ್ಕೆ ಕಾಣುವಷ್ಟು ಸರಳವಲ್ಲ. ಒಂದು ಕಾಲು ಮಾತ್ರ ನೋಯುವವರಿಗೆ, ಸಮತೋಲದ ಕೊರತೆ ಅಲ್ಪವಾಗಿರುವವರಿಗೆ ಊರುಗೋಲು ಸಾಕು. ಅದನ್ನು ನೋಯುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಬಹಳ ಮಂದಿ ತದ್ವಿರುದ್ಧವಾಗಿ ಹಿಡಿಯುತ್ತಾರೆ. ಪಾದರಕ್ಷೆ ಹಾಕಿಕೊಂಡು ನೇರವಾಗಿ ನಿಂತು ಕೈ ಇಳಿಬಿಟ್ಟಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು. ಹಿರಿಯರ ಮನೆಯಲ್ಲಿ ಹಳೆಯ ಕೋಲೊಂದು ಇದೆಯೆಂದು ಅದನ್ನೇ ಕೊಡುವುದು, ಇನ್ನೊಬ್ಬರ ಕನ್ನಡಕವನ್ನು ಕೊಟ್ಟಂತೆ.

ಎರಡೂ ಕಾಲುಗಳು ಸೋತವರಿಗೆ ವಾಕರ್ ಬೇಕು. ಚಕ್ರವಿಲ್ಲದ ವಾಕರ್ ಅತ್ಯಂತ ಸ್ಥಿರ, ಆದರೆ ಪ್ರತಿ ಹೆಜ್ಜೆಗೂ ಎತ್ತಿಡಬೇಕಾದ್ದರಿಂದ ನಡಿಗೆ ತುಂಡುತುಂಡಾಗುತ್ತದೆ, ತೋಳು ಸೋಲುತ್ತದೆ. ಚಕ್ರದ ವಾಕರ್‌ನಲ್ಲಿ ನಡಿಗೆ ಸರಾಗ, ಕೂರಲು ಆಸನವೂ ಸಾಮಾನಿಡಲು ಬುಟ್ಟಿಯೂ ಇರುತ್ತವೆ. ಆದರೆ ಬ್ರೇಕ್ ಹಿಡಿಯುವಷ್ಟು ಕೈಬಲವೂ, ಕೂರುವ ಮುನ್ನ ಬ್ರೇಕ್ ಹಾಕಬೇಕೆಂಬ ನೆನಪೂ ಬೇಕು. ಮುಂದಕ್ಕೆ ವಾಲಿ ಭಾರವೆಲ್ಲ ಅದರ ಮೇಲೆ ಹಾಕುವವರಿಗೆ ಅದು ಕೈತಪ್ಪಿ ಓಡುತ್ತದೆ. ಯಾವ ವಾಕರ್ ಆದರೂ ಎರಡೂ ಕೈಗಳನ್ನು ಆಕ್ರಮಿಸುವುದರಿಂದ, ಅದುವರೆಗೆ ಒಂದು ಲೋಟವನ್ನು ತಾವೇ ಹಿಡಿದು ತರುತ್ತಿದ್ದವರಿಗೆ ಆ ಕೆಲಸ ತಪ್ಪುತ್ತದೆ. ತಟ್ಟೆ ಅಥವಾ ಚೀಲ ಜೋಡಿಸಬಹುದಾದ ವಾಕರ್ ಆರಿಸಿದರೆ ಅದನ್ನು ಉಳಿಸಿಕೊಳ್ಳಬಹುದು. ಇಂಥ ಆಯ್ಕೆಯನ್ನು ಅಂಗಡಿಯವರ ಮಾತಿನ ಮೇಲೆ ಮಾಡದೆ, ಫಿಸಿಯೋಥೆರಪಿಸ್ಟ್ ಅಥವಾ ಆಕ್ಯುಪೇಶನಲ್ ಥೆರಪಿಸ್ಟ್ (ದೈನಂದಿನ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ತಜ್ಞರು) ಒಬ್ಬರ ಮುಂದೆ ನಡೆದು ತೋರಿಸಿ ಮಾಡುವುದು ಉತ್ತಮ.

ಉಳಿದ ಸಾಧನಗಳಲ್ಲಿ ಕಡಿಮೆ ಖರ್ಚಿನವೇ ಹೆಚ್ಚು ಕೆಲಸಕ್ಕೆ ಬರುತ್ತವೆ: ಸ್ನಾನದ ಕುರ್ಚಿ, ಎತ್ತರಿಸಿದ ಶೌಚಾಸನ, ಉದ್ದ ಹಿಡಿಯ ಪಾದರಕ್ಷೆ ಏರಿಸುವ ಪಟ್ಟಿ, ನೆಲದ ವಸ್ತು ಎತ್ತುವ ಚಿಮಟ, ದಪ್ಪ ಹಿಡಿಯ ಚಮಚ, ವಾರದ ಔಷಧಿ ಡಬ್ಬಿ. ಆಪತ್ತಿನಲ್ಲಿ ಒತ್ತುವ ಕರೆಗುಂಡಿಯ ಬಗ್ಗೆ ಮಾತ್ರ ಒಂದು ಮಾತು. ಅದು ಬೀಳುವುದನ್ನು ತಡೆಯುವುದಿಲ್ಲ, ಬಿದ್ದ ಮೇಲೆ ನೆಲದಲ್ಲಿ ಕಳೆಯುವ ಸಮಯವನ್ನು ತಗ್ಗಿಸಬಲ್ಲದು, ಅದೂ ಒತ್ತಿದರೆ. ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ 90 ದಾಟಿದವರ ಬೀಳುವಿಕೆಗಳನ್ನು ಗಮನಿಸಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕರೆಗುಂಡಿ ಇದ್ದವರಲ್ಲೂ ಹೆಚ್ಚಿನವರು ಒಬ್ಬರೇ ಬಿದ್ದಾಗ ಅದನ್ನು ಬಳಸಿರಲಿಲ್ಲ. ಗುಂಡಿ ಮೇಜಿನ ಮೇಲಿತ್ತೋ, ಇತರರಿಗೆ ತೊಂದರೆ ಕೊಡಲು ಮನಸ್ಸಾಗಲಿಲ್ಲವೋ, ಕಾರಣ ಏನೇ ಇರಲಿ, ಕೊಂಡುಕೊಟ್ಟ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಅದನ್ನು ಮೈಮೇಲೆ ಧರಿಸಬೇಕು, ತಿಂಗಳಿಗೊಮ್ಮೆ ಒತ್ತಿ ಅಭ್ಯಾಸ ಮಾಡಬೇಕು.

ಆರೈಕೆದಾರರು: ಮಾಡಿಕೊಡುವುದು ಮತ್ತು ಜೊತೆಗಿದ್ದು ಮಾಡಿಸುವುದು

ಮನುಷ್ಯರ ನೆರವನ್ನು ಒಂದೇ ಆಯ್ಕೆಯೆಂದು ಎಣಿಸುವುದೇ ತಪ್ಪು; ಅದರಲ್ಲಿ ಎರಡು ಬಗೆಗಳಿವೆ. ಒಂದರಲ್ಲಿ ಆರೈಕೆದಾರರು ಗುಂಡಿ ಹಾಕಿಕೊಡುತ್ತಾರೆ. ಇನ್ನೊಂದರಲ್ಲಿ ತೋಳನ್ನು ತೋಳುಕಂಡಿಗೆ ಸೇರಿಸಲು ಮಾತ್ರ ನೆರವಾಗಿ, ಗುಂಡಿಗಳನ್ನು ಹಿರಿಯರೇ ಹಾಕಿಕೊಳ್ಳುವವರೆಗೆ ಸುಮ್ಮನೆ ಕಾಯುತ್ತಾರೆ. ಮೊದಲನೆಯದಕ್ಕೆ ಐದು ನಿಮಿಷ, ಎರಡನೆಯದಕ್ಕೆ ಇಪ್ಪತ್ತು. ಗಂಟೆಯ ಲೆಕ್ಕದಲ್ಲಿ ದುಡಿಯುವವರೂ, ಕಚೇರಿಗೆ ಹೊರಡುವ ಆತುರದಲ್ಲಿರುವ ಮಕ್ಕಳೂ ಮೊದಲನೆಯದನ್ನೇ ಆರಿಸುವುದು ಸಹಜ, ಅದರಲ್ಲಿ ಕೆಟ್ಟ ಉದ್ದೇಶವಿಲ್ಲ. ಆದರೆ ಮನಶ್ಶಾಸ್ತ್ರಜ್ಞೆ ಮಾರ್ಗ್ರೆಟ್ ಬಾಲ್ಟೆಸ್ ಆರೈಕೆ ಕೇಂದ್ರಗಳಲ್ಲಿ ಗಮನಿಸಿದ್ದು ಇದನ್ನೇ: ಹಿರಿಯರು ಅಸಹಾಯಕರಂತೆ ವರ್ತಿಸಿದಾಗ ಸಿಬ್ಬಂದಿ ಕೂಡಲೇ ಹತ್ತಿರ ಬಂದು ಗಮನ ಕೊಡುತ್ತಿದ್ದರು, ತಾವೇ ಮಾಡಿಕೊಂಡಾಗ ಯಾರೂ ಏನೂ ಹೇಳುತ್ತಿರಲಿಲ್ಲ. ಹೀಗೆ ಅವಲಂಬನೆಗೆ ಬಹುಮಾನ, ಸ್ವಾವಲಂಬನೆಗೆ ಮೌನ ಸಿಗುತ್ತ ಹೋದರೆ ಕಾಲಕ್ರಮದಲ್ಲಿ ಯಾವುದು ಬೆಳೆಯುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಜೊತೆಗಿದ್ದು ಮಾಡಿಸುವ ಎರಡನೆಯ ಬಗೆಯನ್ನು ಕೆಲವು ದೇಶಗಳು ಸೇವೆಯಾಗಿಯೇ ರೂಪಿಸಿವೆ. ಡೆನ್ಮಾರ್ಕಿನ ಫ್ರೆಡೆರಿಸಿಯಾ ಪುರಸಭೆ 2008ರಲ್ಲಿ ಇದನ್ನು ಆರಂಭಿಸಿತು. 2015ರಿಂದ ಅಲ್ಲಿನ ಪುರಸಭೆಗಳು ಖಾಯಂ ಮನೆನೆರವು ಕೊಡುವ ಮೊದಲು, ಅವಧಿ ನಿಗದಿಪಡಿಸಿದ ಪುನಶ್ಚೇತನ ತರಬೇತಿಯಿಂದ ಆ ವ್ಯಕ್ತಿಯ ಶಕ್ತಿ ಸುಧಾರಿಸಬಹುದೇ ಎಂದು ಪರಿಶೀಲಿಸಲೇಬೇಕಾಯಿತು. ಇಂಗ್ಲೆಂಡಿನಲ್ಲಿ ಇಂಥ ಸೇವೆ ಆರು ವಾರಗಳವರೆಗೆ ಉಚಿತವಾಗಿ ದೊರೆಯುತ್ತದೆ. ಆಲೋಚನೆ ಮನಸ್ಸಿಗೆ ಒಪ್ಪುವಂಥದ್ದಾದರೂ ಪುರಾವೆ ಇನ್ನೂ ತೆಳುವಾಗಿದೆ: 2016ರ ಕಾಕ್ರೇನ್ ಪರಾಮರ್ಶೆಗೆ ದೊರೆತದ್ದು ಎರಡೇ ಅಧ್ಯಯನಗಳು, 811 ಮಂದಿ, ಅದೂ ದೃಢವಾಗಿ ಏನನ್ನೂ ಹೇಳಲಾಗದ ಗುಣಮಟ್ಟದ್ದು. ಆದರೂ ಎರಡು ಬಗೆಗಳ ನಡುವೆ ಆರಿಸಬೇಕಾದರೆ ನಾನು ಎರಡನೆಯದನ್ನೇ ಆರಿಸುವೆ, ಏಕೆಂದರೆ ಕೆಲಸವನ್ನು ನಂತರ ಪೂರ್ತಿಯಾಗಿ ಮಾಡಿಕೊಡುವುದಕ್ಕೆ ಅದು ಅಡ್ಡಿಯಲ್ಲ. ಒಮ್ಮೆ ಪೂರ್ತಿ ಬಿಟ್ಟ ಕೆಲಸವನ್ನು ಮರಳಿ ಹಿಡಿಸುವುದು ಮಾತ್ರ ಬಹಳ ಕಷ್ಟ.

ಹಾಗೆಂದು ಎಲ್ಲವನ್ನೂ ಅವರೇ ಮಾಡಿಕೊಳ್ಳಲಿ ಎಂಬ ಹಟವೂ ಸಲ್ಲದು. ದುರ್ಬಲರಾದವರ ದಿನದ ಶಕ್ತಿ ಚಿಕ್ಕ ಗಂಟಿನಂತೆ. ಉಡುಪು ತೊಡುವುದರಲ್ಲೇ ಅದು ಖಾಲಿಯಾದರೆ ಗೆಳೆಯರೊಡನೆ ಮಾತಾಡಲು, ತೋಟದಲ್ಲಿ ಕೂರಲು ಏನೂ ಉಳಿಯುವುದಿಲ್ಲ. ಪಿಯಾನೋ ವಾದಕ ಆರ್ಥರ್ ರೂಬಿನ್‌ಸ್ಟೈನ್ ಇಳಿವಯಸ್ಸಿನಲ್ಲೂ ಕಛೇರಿ ನೀಡುತ್ತಿದ್ದ ಬಗೆಯನ್ನು ಪೌಲ್ ಮತ್ತು ಮಾರ್ಗ್ರೆಟ್ ಬಾಲ್ಟೆಸ್ ದಂಪತಿ ಉದಾಹರಿಸುತ್ತಿದ್ದರು: ನುಡಿಸುವ ಕೃತಿಗಳನ್ನು ಕಡಿಮೆ ಮಾಡಿಕೊಂಡರು, ಉಳಿದವನ್ನು ಹೆಚ್ಚು ಅಭ್ಯಾಸ ಮಾಡಿದರು, ವೇಗದ ಭಾಗ ಇನ್ನೂ ವೇಗವಾಗಿ ಕೇಳಿಸಲೆಂದು ಅದರ ಹಿಂದಿನ ಭಾಗವನ್ನು ನಿಧಾನಿಸಿದರು. ಮನೆಯಲ್ಲೂ ಹಾಗೆಯೇ, ಯಾವ ಕೆಲಸವನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಟ್ಟುಕೊಡಬಹುದು ಎಂಬುದನ್ನು ಹಿರಿಯರನ್ನೇ ಕೇಳಬೇಕು. ಸ್ನಾನವನ್ನು ಇನ್ನೊಬ್ಬರಿಗೆ ಒಪ್ಪಿಸಿ ಅಡುಗೆಯನ್ನು ತಾವೇ ಇಟ್ಟುಕೊಳ್ಳುವುದಾಗಿ ಹೇಳುವ ಹಿರಿಯರು ತಮ್ಮ ದಿನದ ಮೇಲಿನ ಅಧಿಕಾರವನ್ನು ಕಳೆದುಕೊಂಡಿಲ್ಲ.

ಒಂದೇ ದಾರಿಯೋ, ಜೋಡಣೆಯೋ?

ನಾಲ್ಕನ್ನೂ ಬೇರೆಬೇರೆಯಾಗಿ ಹೋಲಿಸಿದೆನಾದರೂ ವಾಸ್ತವದಲ್ಲಿ ಅವು ಕೂಡಿದಾಗಲೇ ಹೆಚ್ಚು ಫಲ ಕೊಡುತ್ತವೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಾರಾ ಸ್ಯಾಂಟನ್ ಅವರ ತಂಡ ರೂಪಿಸಿದ ಕೇಪಬಲ್ ಎಂಬ ಕಾರ್ಯಕ್ರಮದಲ್ಲಿ ಆಕ್ಯುಪೇಶನಲ್ ಥೆರಪಿಸ್ಟ್ ಆರು ಸಲ, ದಾದಿ ನಾಲ್ಕು ಸಲ ಮನೆಗೆ ಬರುತ್ತಾರೆ, ಜೊತೆಗೆ ಸಣ್ಣಪುಟ್ಟ ರಿಪೇರಿ ಮಾಡುವ ಕೆಲಸಗಾರರೊಬ್ಬರು ಇರುತ್ತಾರೆ. ಯಾವ ಕೆಲಸ ಸುಧಾರಿಸಬೇಕೆಂಬ ಗುರಿಯನ್ನು ಹಿರಿಯರೇ ನಿಗದಿಪಡಿಸುತ್ತಾರೆ. ಬಾಲ್ಟಿಮೋರಿನಲ್ಲಿ ಕಡಿಮೆ ಆದಾಯದ 300 ಹಿರಿಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಐದು ತಿಂಗಳಲ್ಲಿ ದೈನಂದಿನ ಕೆಲಸಗಳ ಅಸಾಮರ್ಥ್ಯ ಹೋಲಿಕೆಯ ಗುಂಪಿಗಿಂತ ಶೇಕಡಾ 30ರಷ್ಟು ಕಡಿಮೆಯಾಗಿತ್ತು. ಥೆರಪಿಸ್ಟರಷ್ಟೇ ಮುಖ್ಯವಾಗಿ ರಿಪೇರಿ ಕೆಲಸಗಾರರನ್ನೂ ಚಿಕಿತ್ಸೆಯ ತಂಡದ ಸದಸ್ಯರೆಂದು ಎಣಿಸಿದ್ದು ನನಗೆ ಈ ಕಾರ್ಯಕ್ರಮದ ಅತ್ಯಂತ ವಿವೇಕದ ಅಂಶವೆನಿಸುತ್ತದೆ.

ಈ ಎಲ್ಲವನ್ನೂ ಬೇರೆಬೇರೆ ಸ್ಥಿತಿಗಳಿಗೆ ಅನ್ವಯಿಸಿದರೆ ಆಯ್ಕೆ ಹೀಗೆ ತಿರುಗುತ್ತದೆ. ನಡಿಗೆ ನಿಧಾನವಾಗಿದ್ದು, ಬಳಲಿಕೆಯಿದ್ದು, ಎಲ್ಲ ಕೆಲಸಗಳನ್ನೂ ಇನ್ನೂ ತಾವೇ ಮಾಡಿಕೊಳ್ಳುವವರಿಗೆ ವ್ಯಾಯಾಮವೇ ಮುಖ್ಯ. ಇಲ್ಲಿ ಆರೈಕೆದಾರರನ್ನು ತಂದರೆ ಹಾನಿಯೇ ಹೆಚ್ಚು. ಒಂದೆರಡು ಕೆಲಸಗಳಲ್ಲಿ ತೊಡಕಿದ್ದು, ಕೈಯೂರಿಯಾದರೂ ಕುರ್ಚಿಯಿಂದ ಏಳಬಲ್ಲವರಿಗೆ ಈ ವಾರವೇ ಮನೆಯ ಮಾರ್ಪಾಡು ಮತ್ತು ಸಾಧನ, ಅದೇ ವಾರ ವ್ಯಾಯಾಮದ ಆರಂಭ, ತೊಡಕಿನ ಹಂತಕ್ಕೆ ಮಾತ್ರ ಮನುಷ್ಯರ ನೆರವು. ತೀವ್ರವಾಗಿ ಬಲಗುಂದಿದವರಿಗೆ ಬಲವರ್ಧನೆಯ ಭರವಸೆ ಕೊಡುವುದು ಪ್ರಾಮಾಣಿಕವಲ್ಲ. ಅವರಿಗೆ ಆರೈಕೆದಾರರೇ ಮುಖ್ಯ ಆಸರೆ, ಆದರೆ ಉಡುಪಿನ ಆಯ್ಕೆ, ಮುಖ ತೊಳೆಯುವುದು, ತುತ್ತೆತ್ತುವುದು ಇಂಥ ಸಣ್ಣ ಭಾಗಗಳನ್ನು ಅವರಿಗೇ ಉಳಿಸಬೇಕು. ನೆನಪು ಕುಂದಿದವರಿಗೆ ಹೊಸ ಸಾಧನ ಕಲಿಸುವುದಕ್ಕಿಂತ ಹಳೆಯ ಕ್ರಮವನ್ನು ಕಾಪಾಡಿ, ಮಾತಿನಿಂದ ಹಂತಹಂತವಾಗಿ ನೆನಪಿಸುವವರು ಹತ್ತಿರವಿರುವುದು ಹೆಚ್ಚು ಫಲಕಾರಿ.

ಆಸ್ಪತ್ರೆಯಿಂದ ಬಂದವರದು ಪ್ರತ್ಯೇಕ ಸ್ಥಿತಿ. ಆರೋಗ್ಯವಂತರಾಗಿದ್ದ, ಸರಾಸರಿ 67 ವರ್ಷದ ಸ್ವಯಂಸೇವಕರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದ 2007ರ ಅಧ್ಯಯನವೊಂದರಲ್ಲಿ ಅವರ ಕಾಲುಗಳಿಂದಲೇ ಸುಮಾರು ಒಂದು ಕಿಲೋದಷ್ಟು ಕೊಬ್ಬಿಲ್ಲದ ಅಂಗಾಂಶ ಕರಗಿತ್ತು. ಕಾಯಿಲೆಯೂ ಸೇರಿದರೆ ನಷ್ಟ ಇನ್ನೂ ಹೆಚ್ಚಿರುತ್ತದೆ. ಆದ್ದರಿಂದ ಮನೆಗೆ ಬಂದ ದಿನದ ಸ್ಥಿತಿಯನ್ನು ಖಾಯಂ ಸ್ಥಿತಿಯೆಂದು ಭಾವಿಸಿ ಹಗಲುರಾತ್ರಿಯ ಆರೈಕೆದಾರರನ್ನು ವರ್ಷದ ಒಪ್ಪಂದಕ್ಕೆ ಗೊತ್ತುಮಾಡುವುದು, ಮಂಚದ ಬದಿಯಲ್ಲೇ ಶೌಚದ ಕುರ್ಚಿಯನ್ನು ಶಾಶ್ವತವಾಗಿ ನೆಲೆಗೊಳಿಸುವುದು ಅವಸರದ ತೀರ್ಮಾನಗಳು. ಈ ಅವಧಿಯಲ್ಲಿ ನೆರವು ಧಾರಾಳವಾಗಿಯೇ ಇರಲಿ, ಆದರೆ ಅದಕ್ಕೊಂದು ದಿನಾಂಕ ಇರಲಿ. ಆರು ವಾರಗಳ ನಂತರದ ಒಂದು ದಿನವನ್ನು ಕ್ಯಾಲೆಂಡರಿನಲ್ಲಿ ಗುರುತುಮಾಡಿ, ಅಂದು ಹಿರಿಯರೊಡನೆ ಕುಳಿತು ಯಾವ ನೆರವನ್ನು ಹಿಂತೆಗೆಯಬಹುದೆಂದು ಕೇಳಬೇಕು: ಬೆಳಗಿನ ಉಡುಪಿಗೆ ಇನ್ನೊಬ್ಬರು ಬೇಕೇ, ಹಗಲಿನಲ್ಲಿ ಮಂಚದ ಬದಿಯ ಶೌಚದ ಕುರ್ಚಿಯನ್ನು ಬಿಟ್ಟು ಶೌಚಾಲಯದವರೆಗೆ ನಡೆಯಬಹುದೇ, ಸ್ನಾನದ ಹೊತ್ತಿಗೆ ಆರೈಕೆದಾರರು ಬಾಗಿಲ ಹೊರಗೆ ನಿಂತರೆ ಸಾಕೇ. ಹನ್ನೆರಡನೆಯ ವಾರದಲ್ಲಿ ಅದೇ ಪ್ರಶ್ನೆಗಳನ್ನು ಇನ್ನೊಮ್ಮೆ ಕೇಳಿ, ಕೈ ಕಟ್ಟಿಕೊಂಡು ಕುರ್ಚಿಯಿಂದ ಏಳುವುದನ್ನೂ ಮತ್ತೊಮ್ಮೆ ನೋಡಬೇಕು.